ಪ್ಯಾನೆಲ್ ಮನೆಯ ವಯಸ್ಸು ಕೇಳುವುದಿಲ್ಲ

ಮಂಗಳೂರು, ಉಡುಪಿ ಕಡೆ ಈಗ ಮನೆ ಕಟ್ಟಿಸಹೊರಟವರ ಕಿವಿಗೆ ನಕ್ಷೆಯ ಜೊತೆಗೇ ಒಂದು ಮಾತು ಬೀಳುತ್ತದೆ: “ತಾರಸಿ ಮೇಲೆ ಐದು ಕಿಲೋವ್ಯಾಟ್ ಸೋಲಾರ್ ಹಾಕಿಸಿಬಿಡಿ, ಮನೆ ನೆಟ್ ಝೀರೋ ಆಗ್ತದೆ.” ವರ್ಷಕ್ಕೆ ಲೈನಿನಿಂದ ಎಷ್ಟು ಯೂನಿಟ್ ಎಳೆದುಕೊಂಡೆವೋ ಅಷ್ಟೇ ಯೂನಿಟ್ ವಾಪಸು ಕಳಿಸಿದರೆ ಲೆಕ್ಕ ಸೊನ್ನೆ, ಮನೆಯಿಂದ ಗಾಳಿಗೆ ಇಂಗಾಲ ಹೋಗಲಿಲ್ಲ ಎಂಬುದು ಈ ಮಾತಿನ ಅರ್ಥ. ಹೊಗೆ ಕಡಿಮೆ ಮಾಡಬೇಕೆಂಬ ಕಾಳಜಿಯಿಂದಲೇ ತುಂಬ ಜನ ಹೀಗೆ ಯೋಚಿಸುತ್ತಿದ್ದಾರೆ, ಅದು ದೊಡ್ಡ ವಿಷಯ. ಆದರೆ ಆ ಸೊನ್ನೆಯೊಳಗೆ ಏನು ಸೇರಿದೆ, ಏನು ಬಿಟ್ಟುಹೋಗಿದೆ ಎಂದು ಬಿಡಿಸಿ ನೋಡಿದರೆ ನಮ್ಮ ಕರಾವಳಿಯಲ್ಲಿ ಹಣ ಎಲ್ಲಿ ಹಾಕಬೇಕು ಎಂಬುದಕ್ಕೆ ಬೇರೆಯೇ ಉತ್ತರ ಸಿಗುತ್ತದೆ.

ಸೊನ್ನೆ ಎಂದರೆ ಯಾವ ಸೊನ್ನೆ ಎಂಬ ಜಗಳ ಹಳೆಯದು. 2006ರ ಡಿಸೆಂಬರ್‌ನಲ್ಲಿ ಬ್ರಿಟನ್ ಸರ್ಕಾರ, 2016ರಿಂದ ಕಟ್ಟುವ ಪ್ರತಿ ಹೊಸ ಮನೆಯೂ ಶೂನ್ಯ ಇಂಗಾಲದ್ದಾಗಿರಬೇಕು ಎಂದು ಸಾರಿತು. ಮೊದಲು ಟಿವಿ, ಫ್ರಿಜ್, ಅಡುಗೆಯ ವಿದ್ಯುತ್ತೂ ಲೆಕ್ಕದಲ್ಲಿತ್ತು. 2011ರಲ್ಲಿ ಅದನ್ನು ಹೊರಗಿಟ್ಟು, ಮನೆ ಬೆಚ್ಚಗಿಡುವುದು, ಬಿಸಿನೀರು, ದೀಪ ಇಷ್ಟಕ್ಕೇ ಸೊನ್ನೆಯನ್ನು ಇಳಿಸಿದರು. ಮನೆಯ ಮೇಲೆ ಆಗದ್ದನ್ನು ಬೇರೆ ಕಡೆ ಹಣ ಕಟ್ಟಿ ಸರಿದೂಗಿಸಲು ದಾರಿ ಮಾಡಿಕೊಡುವ ಯೋಚನೆಯೂ ನಡೆಯಿತು. ಕೊನೆಗೆ 2015ರ ಜುಲೈಯಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟರು. ಸಿಮೆಂಟ್, ಕಬ್ಬಿಣದ ಲೆಕ್ಕವಂತೂ ಆ ಸೊನ್ನೆಯಲ್ಲಿ ಮೊದಲಿನಿಂದಲೂ ಇರಲಿಲ್ಲ.

ಅವರ ಲೆಕ್ಕ ನಮಗೆ ಹೊಂದದಿರಲು ಇನ್ನೊಂದು ಕಾರಣ ಹವೆ. ಚಳಿ ದೇಶದಲ್ಲಿ ಮನೆಯ ಶಕ್ತಿಯ ದೊಡ್ಡ ಪಾಲು ಮನೆ ಕಾಯಿಸುವುದಕ್ಕೇ ಹೋಗುತ್ತದೆ. ಅದಕ್ಕಾಗಿ ಅವರು ಗೋಡೆಗೆ ದಪ್ಪ ಹೊದಿಕೆ ಹಾಕಿ, ಸಂದು ಬಿಡದೆ ಮುಚ್ಚಿ, ಮೂರು ಪದರದ ಗಾಜು ಕೂರಿಸುತ್ತಾರೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1990ರ ಸುಮಾರಿಗೆ ಎದ್ದ ಮೊದಲ ಪ್ಯಾಸಿವ್ ಮನೆಗಳ ತತ್ವ ಅದೇ. ಆ ಪೆಟ್ಟಿಗೆಯನ್ನು ಹಾಗೆಯೇ ತಂದು ಮೂರೂವರೆ ಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಊರಿನಲ್ಲಿ ಇಟ್ಟರೆ ಆಟಿ (ಜುಲೈ-ಆಗಸ್ಟ್) ತಿಂಗಳು ಮುಗಿಯುವುದರೊಳಗೆ ಕಪಾಟಿನ ಬಟ್ಟೆಗೆ, ಚರ್ಮದ ಚಪ್ಪಲಿಗೆ, ಗೋಡೆಯ ಮೂಲೆಗೆ ಬೂಷ್ಟು ಹಿಡಿಯುತ್ತದೆ. ನಮಗಿರುವ ಕಷ್ಟ ಸೆಖೆ. ಉಷ್ಣಾಂಶ ಮೂವತ್ತಮೂರು ದಾಟದಿದ್ದರೂ ಬೆವರು ಆರುವುದಿಲ್ಲ. ಅದಕ್ಕೆ ಮದ್ದು ನೆರಳು ಮತ್ತು ಗಾಳಿ.

ಈಗ ಒಂದು ಸಾಧಾರಣ ಮನೆಯ ಲೆಕ್ಕ ಹಾಕೋಣ. ತಿಂಗಳಿಗೆ 150 ಯೂನಿಟ್, ಅಂದರೆ ವರ್ಷಕ್ಕೆ 1800. ಉಡುಪಿ ಜಿಲ್ಲೆಯಲ್ಲೇ ಹೊಸಂಗಡಿಯ ನೆಲದಡಿಯಲ್ಲಿ ವಾರಾಹಿಯ 460 ಮೆಗಾವ್ಯಾಟ್ ಜಲವಿದ್ಯುತ್ ಇದೆ, ಪಡುಬಿದ್ರಿ ಹತ್ತಿರದ ಎಲ್ಲೂರಿನಲ್ಲಿ ಹೊರದೇಶದ ಕಲ್ಲಿದ್ದಲು ಸುಡುವ 1200 ಮೆಗಾವ್ಯಾಟ್ ಸ್ಥಾವರವೂ ಇದೆ. ನಮ್ಮ ಸ್ವಿಚ್ಚಿಗೆ ಬರುವುದು ಎರಡೂ ಬೆರೆತ ದೇಶದ ಒಂದೇ ಜಾಲದ ವಿದ್ಯುತ್ತು. ಆ ಜಾಲದ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹಾಗಾಗಿ ಈ ಮನೆಯ ವಿದ್ಯುತ್ತಿನ ಪಾಲು ವರ್ಷಕ್ಕೆ ಒಂದೂಕಾಲು ಟನ್.

ಅದೇ ಮನೆಯನ್ನು ಕಟ್ಟುವಾಗ ಏನಾಯಿತು? ಕಾಂಟ್ರಾಕ್ಟರುಗಳ ಬಾಯಿಲೆಕ್ಕದಲ್ಲಿ ಪಿಲ್ಲರ್, ಬೀಮ್, ಸ್ಲಾಬ್ ಹಾಕಿದ ಮನೆಗೆ ಚದರಡಿಗೆ 0.4 ಚೀಲ ಸಿಮೆಂಟ್, ಹತ್ತಿರಹತ್ತಿರ ನಾಲ್ಕು ಕೆ.ಜಿ. ಕಬ್ಬಿಣ. ಸಾವಿರ ಚದರಡಿಗೆ 400 ಚೀಲ, ಅಂದರೆ 20 ಟನ್ ಸಿಮೆಂಟ್. ನಾಲ್ಕು ಟನ್ ಕಬ್ಬಿಣ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿನ ಒಂದು ಕೆ.ಜಿ.ಗೆ ಸುಮಾರು 0.65 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದರೆ 13 ಟನ್. ಕಬ್ಬಿಣದ ಟನ್ನಿಗೆ ಎರಡೂಕಾಲರಿಂದ ಎರಡೂವರೆ ಟನ್ ಹಿಡಿದರೆ ಇನ್ನೊಂದು ಒಂಬತ್ತು, ಹತ್ತು. ಒಟ್ಟು ಇಪ್ಪತ್ತೆರಡು ಟನ್ ಚಿಲ್ಲರೆ. ನೆಲದ ವಿಟ್ರಿಫೈಡ್ ಟೈಲ್ಸ್, ಕಿಟಕಿಯ ಅಲ್ಯೂಮಿನಿಯಂ, ಗಾಜು, ಪೇಂಟ್ ಇದರಲ್ಲಿಲ್ಲ. ಹದಿನೇಳು, ಹದಿನೆಂಟು ವರ್ಷ ಆ ಮನೆಯವರು ಉರಿಸುವ ವಿದ್ಯುತ್ತಿನಷ್ಟು ಇಂಗಾಲ, ಗೃಹಪ್ರವೇಶದ ದಿನ ಹಾಲು ಉಕ್ಕಿಸುವ ಮೊದಲೇ ಗಾಳಿ ಸೇರಿರುತ್ತದೆ. ಚಳಿ ದೇಶದಲ್ಲಿ ದಿನನಿತ್ಯದ ಬಳಕೆ ದೊಡ್ಡದು, ಕಟ್ಟುವ ಲೆಕ್ಕ ಅದರ ಮುಂದೆ ಸಣ್ಣದು. ಇಲ್ಲಿ ಅದು ತಿರುಗಿ ನಿಂತಿದೆ. ಮೀಟರನ್ನು ಮಾತ್ರ ನೋಡುವ ಸೊನ್ನೆಗೆ ಈ ಇಪ್ಪತ್ತೆರಡು ಟನ್ ಕಾಣಿಸುವುದೇ ಇಲ್ಲ.

ಸೋಲಾರಿನ ಲೆಕ್ಕವನ್ನೂ ಅಷ್ಟೇ ಪ್ರಾಮಾಣಿಕವಾಗಿ ಹಾಕಬೇಕು. ನಮ್ಮ ಕಡೆ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷಕ್ಕೆ ಸುಮಾರು 1300 ಯೂನಿಟ್ ಕೊಡುತ್ತದೆ. ಮೂರು ಕಿಲೋವ್ಯಾಟಿಗೆ 3900 ಯೂನಿಟ್, ಇವತ್ತಿನ ಜಾಲದಲ್ಲಿ ಎರಡೂಮುಕ್ಕಾಲು ಟನ್ ಉಳಿತಾಯ. ಪ್ಯಾನೆಲ್ ತಯಾರಿಸಲು ಹೋದ ಇಂಗಾಲ ಒಂದೆರಡು ವರ್ಷದಲ್ಲಿ ತೀರುತ್ತದೆ. ಒಳ್ಳೆಯ ಕೆಲಸವೇ, ಸಂಶಯವಿಲ್ಲ. ಆದರೆ ಪ್ಯಾನೆಲ್ ಮನೆಯ ವಯಸ್ಸು ಕೇಳುವುದಿಲ್ಲ. ಅಜ್ಜನ ಕಾಲದ ಹಂಚಿನ ಮಾಡಿನ (ಚಾವಣಿಯ) ಮೇಲೂ ಕೂರುತ್ತದೆ, ದನದ ಹಟ್ಟಿಯ ಶೀಟಿನ ಮೇಲೂ ಕೂರುತ್ತದೆ, ಶಾಲೆಯ ತಾರಸಿಯ ಮೇಲೂ ಕೂರುತ್ತದೆ. ಈ ವರ್ಷ ಹಣವಿಲ್ಲದಿದ್ದರೆ ಮೂರು ವರ್ಷ ಬಿಟ್ಟು ಹಾಕಿಸಬಹುದು. ಸ್ಲಾಬಿನ ನಿರ್ಧಾರ ಹಾಗಲ್ಲ, ಕಾಂಕ್ರೀಟ್ ಸುರಿದ ಮೇಲೆ ಮುಗಿಯಿತು. ಹೊಸ ಮನೆಯಲ್ಲಿ ಮಾತ್ರ ಸಾಧ್ಯವಿರುವ ಉಳಿತಾಯ ಕಟ್ಟುವ ವಸ್ತುವಿನಲ್ಲಿದೆ, ದಿಕ್ಕಿನಲ್ಲಿದೆ, ಮಾಡಿನಲ್ಲಿದೆ. ಹಾಗಾಗಿ “ಶೂನ್ಯ ಇಂಗಾಲದ ಮನೆ” ಎಂಬ ಕಟ್ಟನ್ನು ಬಿಚ್ಚಿ, ಒಳಗಿನ ಒಂದೊಂದನ್ನೂ ಅದರದರ ಯೋಗ್ಯತೆಯ ಮೇಲೆ ತೂಗಬೇಕು.

ಮೊದಲು ಗೋಡೆ. ನಮ್ಮ ಮುರಕಲ್ಲನ್ನು (ಜಂಬಿಟ್ಟಿಗೆ) ಸುಡಬೇಕಾಗಿಲ್ಲ. ನೆಲದಿಂದ ಕೊಯ್ದು ತೆಗೆದರೆ ಕಲ್ಲು ತಯಾರು, ಇಂಗಾಲ ಹೋಗುವುದು ಕೊಯ್ಯುವ ಯಂತ್ರಕ್ಕೆ ಮತ್ತು ಲಾರಿಯ ಡೀಸೆಲಿಗೆ. ಒಂದು ಲೀಟರ್ ಡೀಸೆಲಿಗೆ 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆದ್ದರಿಂದ ಕೋರೆ ಹತ್ತಿರವಿದ್ದಷ್ಟು ಒಳ್ಳೆಯದು. ಆದರೆ ಇವತ್ತು ಮಂಗಳೂರಿನಲ್ಲಿ ಮುರಕಲ್ಲು ಬಳಸುವ ಎಷ್ಟೋ ಮನೆಗಳಲ್ಲಿ ಕಲ್ಲಿಗೆ ಕೆಲಸವೇ ಇಲ್ಲ. ಭಾರ ಹೊರುವುದು ಪಿಲ್ಲರ್ ಮತ್ತು ಬೀಮ್, ಕಲ್ಲು ನಡುವಿನ ಸಂದು ತುಂಬುತ್ತದೆ ಅಷ್ಟೇ. ಮುರಕಲ್ಲಿಗೆ ನಮ್ಮ ಮಾನಕ ಕೇಳುವ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್, ನೆಲ ಗಟ್ಟಿಯಿದ್ದಲ್ಲಿ ಒಂದು ಮಹಡಿಯ ಮನೆಯನ್ನು ಒಳ್ಳೆಯ ಕಲ್ಲಿನ ಗೋಡೆಯೇ ಹೊರಬಲ್ಲದು. ಬೇಕಾದ್ದು ಪಂಚಾಂಗದ (ತಳಪಾಯದ) ಮಟ್ಟ, ಲಿಂಟಲ್ ಮಟ್ಟ, ಮಾಡಿನ ಮಟ್ಟ ಹೀಗೆ ಮೂರು ಕಡೆ ಸುತ್ತ ಬಿಗಿದ ಕಾಂಕ್ರೀಟ್ ಬೆಲ್ಟ್, ಮೂಲೆಗಳಲ್ಲಿ ನಿಲುವು ಸರಳು. ಇದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿಯೇ ಮಾಡಬೇಕು, ಮೇಸ್ತ್ರಿಯ ಧೈರ್ಯದ ಮೇಲೆ ಬಿಡಬಾರದು.

ಕಲ್ಲು ಆರಿಸುವಾಗ ತಟ್ಟಿ ನೋಡಿ. ಗಟ್ಟಿ ಕಲ್ಲಿನ ದನಿ ಬೇರೆ, ಒಳಗೆ ಜೇಡಿ ತುಂಬಿದ ಕಲ್ಲಿನ ದನಿ ಬೇರೆ. ಬಿಳಿ ಮಣ್ಣಿನ ಪಟ್ಟೆ ಹೆಚ್ಚಿದ್ದರೆ ಮಳೆಗೆ ಅದು ಕರಗಿ ತೂತು ಬೀಳುತ್ತದೆ, ಅಂಥವನ್ನು ವಾಪಸು ಕಳಿಸಿ. ಹೊಸದಾಗಿ ಕೊಯ್ದ ಕಲ್ಲು ಮೆದು, ಗಾಳಿಗೆ ಬಿದ್ದು ಗಡುಸಾಗಲು ಸಮಯ ಬೇಕು. ಬೆಳಿಗ್ಗೆ ಕೊಯ್ದದ್ದನ್ನು ಸಂಜೆ ಕಟ್ಟಿದರೆ ಅಂಚು ಉದುರುತ್ತದೆ. ಯಂತ್ರದಲ್ಲಿ ಕೊಯ್ದ ಕಲ್ಲಿನ ಮೈ ಸಮವಾಗಿರುವುದರಿಂದ ಗಾರೆಯ ಪದರ ತೆಳುವಾಗಿ ಸಾಕು, ಅಲ್ಲೇ ಸಿಮೆಂಟ್ ಉಳಿಯುತ್ತದೆ. ಹೊರಗೋಡೆಗೆ ಸಾರಣೆ ಬೇಡವೆಂದರೆ ಮಾಡನ್ನು ಎರಡೂವರೆ, ಮೂರು ಅಡಿ ಹೊರಚಾಚಿಸಲೇಬೇಕು. ಪಡುವಣದಿಂದ ಬೀಸಿ ಹೊಡೆಯುವ ಮಳೆ ನೇರ ಗೋಡೆಗೆ ಬಿದ್ದರೆ ಕಲ್ಲು ನೀರು ಕುಡಿಯುತ್ತದೆ, ಒಳಗಿನ ಸಿಮೆಂಟ್ ಸಾರಣೆ ಆ ನೀರನ್ನು ಹೊರಬಿಡದೆ ಪೇಂಟ್ ಗುಳ್ಳೆಯೇಳುತ್ತದೆ. ಸುಣ್ಣದ ಸಾರಣೆ ಉಸಿರಾಡುತ್ತದೆ, ತೇವ ಬಂದ ದಾರಿಯಲ್ಲೇ ಆರಿಹೋಗುತ್ತದೆ. ಕೋರೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು: ಕಲ್ಲು ತೆಗೆದು ಹಾಗೇ ಬಿಟ್ಟ ಹೊಂಡಗಳಲ್ಲಿ ಮಳೆಗಾಲದಲ್ಲಿ ಮಕ್ಕಳು ಮುಳುಗಿ ಸಾಯುತ್ತಾರೆ. ಪರವಾನಗಿ ಇರುವ, ಹೊಂಡ ಮುಚ್ಚುವ ಕೋರೆಯಿಂದಲೇ ಕಲ್ಲು ತರಿಸುವುದು ಕೊಳ್ಳುವವರ ಕೈಯಲ್ಲಿರುವ ಜವಾಬ್ದಾರಿ.

ಇನ್ನು ಮಾಡು. ಈ ಊರಿನ ಹೊಸ ಮನೆಗಳಲ್ಲಿ ಹೊಗೆಯ ಲೆಕ್ಕ ಅತಿ ಹೆಚ್ಚು ತಪ್ಪುವುದು ಇಲ್ಲಿಯೇ. ಮೊದಲು ಸಪಾಟು ಸ್ಲಾಬ್ ಸುರಿಯುತ್ತಾರೆ. ಎರಡು ಮಳೆಗಾಲ ಕಳೆಯುವಾಗ ಅದು ಒಸರಲು ಶುರುವಾಗುತ್ತದೆ. ಆಮೇಲೆ ಅದರ ಮೇಲೆ ಕಬ್ಬಿಣದ ಟ್ರಸ್ ಎಬ್ಬಿಸಿ ಶೀಟ್ ಹೊದಿಸುತ್ತಾರೆ. ಸಾವಿರ ಚದರಡಿಗೆ ಸುಮಾರು ಒಂದು ಟನ್ ಕಬ್ಬಿಣ ಮತ್ತೆ ಹೋಗುತ್ತದೆ. ಒಂದು ಮನೆಗೆ ಎರಡು ಮಾಡು. ಮೇಲಿನ ಅಂತಸ್ತಿಗೆ ಮೊದಲೇ ಇಳಿಜಾರಿನ ಹಂಚಿನ ಮಾಡು ಹಾಕಿದ್ದರೆ ಸ್ಲಾಬೂ ಉಳಿಯುತ್ತಿತ್ತು, ಸೋರುವ ಭಯವೂ ಇರುತ್ತಿರಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಎಲ್ಲೆಲ್ಲೋ ಹೋಯಿತು. ಅದರ ಊರಿನಲ್ಲೇ ಈಗ ಹಳೆ ಮನೆ ಕೆಡವಿದಾಗ ಒಳ್ಳೆಯ ಹಂಚು ರಾಶಿ ಬಿದ್ದಿರುತ್ತದೆ. ಕೈಯಲ್ಲಿ ಹಿಡಿದು ಗೆಣ್ಣಿನಿಂದ ತಟ್ಟಿದಾಗ ಕಂಚಿನಂತೆ ಠಣ್ ಎಂದರೆ ಇನ್ನೊಂದು ಮನೆಗೆ ಆಗುತ್ತದೆ, ಬೊದ್ದು ದನಿ ಬಂದರೆ ಬಿರುಕು ಬಿಟ್ಟಿದೆ. ಹಳೆ ಹಂಚಿಗೆ ಮತ್ತೆ ಬೆಂಕಿ ಬೇಡ. ಹಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿ, ನಡುವಿನ ಗಾಳಿ ಎತ್ತರದ ಕಂಡಿಯಿಂದ ಹೊರಹೋಗುವಂತೆ ಬಿಟ್ಟರೆ ಮಧ್ಯಾಹ್ನದ ಕಾವು ಕೆಳಗಿಳಿಯುವುದಿಲ್ಲ.

ಸ್ಲಾಬ್ ಬೇಕೇ ಬೇಕು, ಮೇಲೆ ಇನ್ನೊಂದು ಅಂತಸ್ತು ಬರಲಿದೆ ಎಂದರೆ ಫಿಲ್ಲರ್ ಸ್ಲಾಬ್ ಇದೆ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದು ಜನಪ್ರಿಯಗೊಳಿಸಿದ ವಿಧಾನ. ಸ್ಲಾಬಿನ ಕೆಳಭಾಗದ ಕಾಂಕ್ರೀಟ್ ಭಾರ ಹೊರುವುದಿಲ್ಲ, ಎಳೆತವನ್ನು ತಡೆಯುವುದು ಸರಳು. ಹಾಗಾಗಿ ಆ ಜಾಗದಲ್ಲಿ ಎರಡು ಹಂಚನ್ನು ಒಂದರ ಮೇಲೊಂದು ಮಗುಚಿ ಇಡುತ್ತಾರೆ. ಹಂಚು ಹದಿನಾರಕ್ಕೆ ಹತ್ತು ಇಂಚು. ನಡುವೆ ನಾಲ್ಕಿಂಚಿನ ಕಾಂಕ್ರೀಟ್ ಪಟ್ಟಿ ಬರುವಂತೆ ಸರಳನ್ನು ಒಂದು ಕಡೆ ಇಪ್ಪತ್ತು, ಇನ್ನೊಂದು ಕಡೆ ಹದಿನಾಲ್ಕು ಇಂಚಿನ ಅಂತರದಲ್ಲಿ ಕಟ್ಟಬೇಕು. ಹಂಚಿನ ಮೇಲೆ ಕನಿಷ್ಠ ಎರಡಿಂಚು ಕಾಂಕ್ರೀಟ್ ಇರಬೇಕು. ಐದನೇ ಒಂದು ಪಾಲಿನಷ್ಟು ಕಾಂಕ್ರೀಟ್ ಉಳಿಯುತ್ತದೆ, ಹಂಚಿನೊಳಗಿನ ಗಾಳಿ ಬಿಸಿಲ ಕಾವನ್ನೂ ಸ್ವಲ್ಪ ತಡೆಯುತ್ತದೆ. ಎಡವಟ್ಟಾಗುವುದು ಎಲ್ಲಿ? ಒಣ ಹಂಚನ್ನೇ ಇಟ್ಟರೆ ಅದು ಕಾಂಕ್ರೀಟಿನ ನೀರು ಹೀರಿ ಪಟ್ಟಿ ದುರ್ಬಲವಾಗುತ್ತದೆ, ಆದ್ದರಿಂದ ಮುಂಚೆಯೇ ನೀರಲ್ಲಿ ನೆನೆಸಿಡಬೇಕು. ವೈಬ್ರೇಟರ್ ಹಂಚಿಗೆ ತಾಗಿದರೆ ಒಡೆಯುತ್ತದೆ. ದಪ್ಪ ಜಲ್ಲಿ ಹಾಕಿದರೆ ನಾಲ್ಕಿಂಚಿನ ಸಂದಿಗೆ ಇಳಿಯದೆ ಕೆಳಗೆ ಜೇನುಗೂಡಿನಂತೆ ಪೊಳ್ಳಾಗುತ್ತದೆ. ಹೊರಚಾಚಿದ ಸಜ್ಜಾ, ಬಾಲ್ಕನಿಯಲ್ಲಿ ಎಳೆತ ಮೇಲ್ಭಾಗದಲ್ಲಿರುವುದರಿಂದ ಅಲ್ಲಿ ಇದನ್ನು ಮಾಡಬಾರದು. ಫ್ಯಾನಿನ ಹುಕ್ಕು ಎಲ್ಲಿ ಬರಬೇಕೆಂದು ಸೆಂಟ್ರಿಂಗ್ ಸಮಯದಲ್ಲೇ ಗುರುತು ಹಾಕದಿದ್ದರೆ ಆಮೇಲೆ ಡ್ರಿಲ್ ಹಂಚಿನೊಳಗೆ ಹೋಗಿ ನಿಲ್ಲುತ್ತದೆ.

ಸಿಮೆಂಟಿನಲ್ಲಿಯೂ ಆಯ್ಕೆಯಿದೆ. ಉಕ್ಕಿನ ಕಾರ್ಖಾನೆಯ ಕಿಟ್ಟದಿಂದ ಆಗುವ ಸ್ಲ್ಯಾಗ್ ಸಿಮೆಂಟಿನ ಇಂಗಾಲ, ಬೇರೇನೂ ಬೆರೆಸದ ಮಾಮೂಲಿ ಒಪಿಸಿ ಸಿಮೆಂಟಿನ ಅರ್ಧದಷ್ಟಿದ್ದೀತು, ಮೇಲಾಗಿ ಉಪ್ಪಿನಂಶವನ್ನು ಸರಳಿನವರೆಗೆ ಬಿಡದೆ ತಡೆಯುವುದರಲ್ಲಿ ಅದು ಹೆಚ್ಚು ಒಳ್ಳೆಯದು. ಇದು ನಿಧಾನವಾಗಿ ಗಟ್ಟಿಯಾಗುತ್ತದೆ. ಹದಿನಾಲ್ಕು ದಿನ ನೀರು ಹಾಕದೆ, ಒಪಿಸಿಯ ಲೆಕ್ಕದಲ್ಲೇ ಸೆಂಟ್ರಿಂಗ್ ಬಿಚ್ಚಿದರೆ ಸಿಮೆಂಟನ್ನು ದೂರುವಂತಾಗುತ್ತದೆ. ಸಮುದ್ರದ ಗಾಳಿಗೆ ನೇರ ಒಡ್ಡಿಕೊಂಡ ಕಾಂಕ್ರೀಟಿಗೆ ನಮ್ಮ ಮಾನಕ ಐಎಸ್ 456 ಕೇಳುವುದು ಎಂ30 ದರ್ಜೆ ಮತ್ತು ಸರಳಿನ ಹೊರಗೆ 45 ಮಿಲಿಮೀಟರ್ ಕವರ್. ಮಲ್ಪೆ, ಉಳ್ಳಾಲದ ಕಡಲ ಬದಿಯಲ್ಲಿ ಸರಳು ತುಕ್ಕು ಹಿಡಿದು ಉಬ್ಬಿ, ಸ್ಲಾಬಿನ ಅಡಿ ಕಳಚಿ ಬೀಳುವ ಮನೆಗಳಲ್ಲಿ ಬಹಳ ಸಲ ಕಾಣಸಿಗುವ ತಪ್ಪು, ಸರಳನ್ನು ಅಷ್ಟು ಅಂತರದಲ್ಲಿ ಹಿಡಿದಿಡುವ ಕವರ್ ಬ್ಲಾಕಿನ ಜಾಗದಲ್ಲಿ ಇಟ್ಟ ಜಲ್ಲಿಯ ಚೂರು, ಮತ್ತು ತೊಳೆಯದ ಅಳಿವೆಯ ಮರಳು. ಅರುವತ್ತು ವರ್ಷ ಬಾಳಬೇಕಾದ ಮನೆ ಇಪ್ಪತ್ತೈದಕ್ಕೆ ಬಿದ್ದರೆ ಆ ಇಪ್ಪತ್ತೆರಡು ಟನ್ ಇನ್ನೊಮ್ಮೆ ಹೋಗುತ್ತದೆ. ನನ್ನ ಲೆಕ್ಕದಲ್ಲಿ ಹತ್ತು ರೂಪಾಯಿಯೂ ಆಗದ ಕವರ್ ಬ್ಲಾಕ್ ಕರಾವಳಿಯ ದೊಡ್ಡ ಇಂಗಾಲ ಉಳಿತಾಯಗಳಲ್ಲೊಂದು.

ಭಾರ ಹೊರುವ ಮುರಕಲ್ಲು ಗೋಡೆ, ಫಿಲ್ಲರ್ ಸ್ಲಾಬ್ ಅಥವಾ ಹಂಚಿನ ಮಾಡು, ಸ್ಲ್ಯಾಗ್ ಸಿಮೆಂಟ್ ಇಷ್ಟು ಸೇರಿದರೆ ಸಾವಿರ ಚದರಡಿಯ ಮನೆಗೆ 250 ಚೀಲ ಸಿಮೆಂಟ್, ಎರಡು ಟನ್ ಕಬ್ಬಿಣದಲ್ಲಿ ಮುಗಿಸುವ ಗುರಿ ಇಟ್ಟುಕೊಳ್ಳಬಹುದು. ಆಗ ಇಪ್ಪತ್ತೆರಡು ಟನ್ ಹನ್ನೊಂದರ ಹತ್ತಿರ ಬರುತ್ತದೆ.

ಮನೆಯೊಳಗಿನ ಸೆಖೆಗೆ ಬರೋಣ. ಏಪ್ರಿಲ್ ಕೊನೆಯ ವಾರ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಬರುತ್ತಾನೆ, ಸೆಖೆ ತುತ್ತತುದಿಗೇರುವುದೂ ಆಗಲೇ. ಗೋಡೆಗಿಂತ ಮಾಡು ಕಾಯುವ ಕಾಲ ಅದು. ಬರಿ ಸ್ಲಾಬ್ ಮಧ್ಯಾಹ್ನ ಕುಡಿದ ಬಿಸಿಲನ್ನು ರಾತ್ರಿ ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ, ಎಸಿ ಹಾಕಿಸುವ ಯೋಚನೆ ಹುಟ್ಟುವುದೇ ಆ ಹೊತ್ತಿನಲ್ಲಿ. ಮನೆಗಳ ಶಕ್ತಿ ಉಳಿತಾಯಕ್ಕೆಂದು ಕೇಂದ್ರ ತಂದ ಇಕೋ ನಿವಾಸ್ ಸಂಹಿತೆ 2018ರಲ್ಲಿ ಮಾಡಿನ ಮೂಲಕ ಇಳಿಯುವ ಶಾಖಕ್ಕೆ ಮಿತಿ ಹಾಕಿತು: ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್. ಬರಿ ಕಾಂಕ್ರೀಟ್ ಸ್ಲಾಬಿನದು ಮೂರಕ್ಕೂ ಹೆಚ್ಚು. ಬಿಳಿ ಬಣ್ಣ ಹೊಡೆದರೆ ಬಿಸಿಲು ವಾಪಸಾಗುತ್ತದೆ, ಆದರೆ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಅದು ಪಾಚಿಯಿಂದ ಕಪ್ಪಾಗುತ್ತದೆ. ಪ್ರತಿ ಮಾರ್ಚಿಯಲ್ಲಿ ಉಜ್ಜಿ ಮತ್ತೆ ಬಳಿಯುವವರಿಗೆ ಮಾತ್ರ ಅದು ಸರಿ. ಅದೇ ಸಂಹಿತೆ ನಮ್ಮಂಥ ಬಿಸಿ ತೇವದ ಊರಿಗೆ, ತೆರೆಯಬಹುದಾದ ಕಿಟಕಿಯ ಅಳತೆ ನೆಲದ ಆರನೇ ಒಂದು ಪಾಲಾದರೂ ಇರಲಿ ಎನ್ನುತ್ತದೆ. ಜಾರುವ ಕಿಟಕಿ ಇಟ್ಟರೆ ಅರ್ಧ ಮಾತ್ರ ತೆರೆಯುತ್ತದೆ, ಆ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಮಧ್ಯಾಹ್ನ ಕಡಲ ಗಾಳಿ ಪಡುವಿನಿಂದ, ರಾತ್ರಿ ನೆಲದ ಗಾಳಿ ಮೂಡಿನಿಂದ. ಎರಡು ಕಡೆಯೂ ಎದುರುಬದುರು ತೆರೆದಿದ್ದರೆ ಗಾಳಿ ದಾಟಿಹೋಗುತ್ತದೆ. ಪಡುಗಡೆಯ ಗಾಜಿಗೆ ಮಾತ್ರ ಜಗಲಿಯ ಮಾಡೋ ಮರವೋ ಅಡ್ಡ ಇರಲಿ, ಸಂಜೆಯ ಓರೆ ಬಿಸಿಲಿಗೆ ಸಣ್ಣ ಸಜ್ಜಾ ಸಾಲದು.

ಫ್ಯಾನ್ ಬದಲಿಸುವುದು ಅತಿ ಅಗ್ಗದ ಕೆಲಸ. ಹಳೆ ಫ್ಯಾನ್ 75 ವ್ಯಾಟ್, ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ 30. ನಾಲ್ಕು ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗುವ ಮನೆಯಲ್ಲಿ ವರ್ಷಕ್ಕೆ 650 ಯೂನಿಟ್ ಉಳಿಯುತ್ತದೆ. ಅದು ಅರ್ಧ ಕಿಲೋವ್ಯಾಟ್ ಪ್ಯಾನೆಲ್ ಕೊಡುವಷ್ಟೇ, ಮತ್ತು ಮಳೆಗಾಲದ ರಾತ್ರಿಯಲ್ಲೂ ಸಿಗುವಂಥದ್ದು.

ಎಸಿಯ ಬಗ್ಗೆ ಯೂನಿಟ್ಟಿನ ಮಾತು ಎಲ್ಲರೂ ಆಡುತ್ತಾರೆ, ಗ್ಯಾಸಿನ ಮಾತು ಆಡುವವರು ಕಡಿಮೆ. ಒಂದೂವರೆ ಟನ್ನಿನ ಎಸಿಯಲ್ಲಿ ಒಂದು ಕೆ.ಜಿ.ಯ ಆಸುಪಾಸು ಗ್ಯಾಸ್ ಇರುತ್ತದೆ. ಆರ್-32 ಆದರೆ ಅದೊಂದು ಕೆ.ಜಿ. ಗಾಳಿಗೆ ಹೋದರೆ 675 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಆರ್-410ಎ ಆದರೆ ಎರಡು ಟನ್ನಿಗೆ ಸಮ. ಕಡಲ ಬದಿಯ ಉಪ್ಪುಗಾಳಿ ಹೊರಗಿನ ಘಟಕದ ಕಾಯಿಲನ್ನು ತಿನ್ನುತ್ತದೆ, ಸೂಜಿಮೊನೆಯಷ್ಟು ತೂತಾಗಿ ಗ್ಯಾಸ್ ಸೋರುತ್ತದೆ. ತೂತು ಹುಡುಕದೆ ವರ್ಷವರ್ಷ ಗ್ಯಾಸ್ ತುಂಬಿಸಿಕೊಳ್ಳುವ ಮನೆ, ಆರ್-32ರಲ್ಲೂ ತನ್ನ ವಿದ್ಯುತ್ತಿನ ಅರ್ಧದಷ್ಟು ಹೊಗೆಯನ್ನು ಯಾವ ಮೀಟರಿಗೂ ಕಾಣದ ಹಾಗೆ ಬಿಡುತ್ತಿರುತ್ತದೆ. ಮೆಕ್ಯಾನಿಕ್ ಬಂದಾಗ ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿಸಿ, ಸಾಬೂನು ನೀರು ಹಚ್ಚಿ ತೂತು ಹುಡುಕಿಸಿ, ಬೆಸುಗೆ ಆದ ಮೇಲೆಯೇ ಗ್ಯಾಸ್ ಹಾಕಿಸಿ. ಉಳಿದಿದ್ದ ಹಳೆ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿಯಲು ಹೇಳಿ. ಹೊಸದು ಕೊಳ್ಳುವಾಗ ಲೇಪನವಿರುವ ಕಾಯಿಲ್ ಕೇಳಿ, ಹೊರಗಿನ ಘಟಕವನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಬೇಡಿ, ತಿಂಗಳಿಗೊಮ್ಮೆ ಸಿಹಿನೀರಲ್ಲಿ ತೊಳೆಯಿರಿ. ಇಪ್ಪತ್ತೇಳಕ್ಕೆ ಇಟ್ಟು ಫ್ಯಾನ್ ಹಾಕಿಕೊಂಡರೆ ಇಪ್ಪತ್ನಾಲ್ಕರ ತಂಪು ಮೈಗೆ ಸಿಗುತ್ತದೆ.

ಇಷ್ಟಾದ ಮೇಲೆ ಪ್ಯಾನೆಲ್. ಒಂದು ಕಿಲೋವ್ಯಾಟಿಗೆ ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಕರಾವಳಿಯ ಹಿತ್ತಿಲಿನಲ್ಲಿ ಅದೇ ಕಷ್ಟ. ತೆಂಕು ದಿಕ್ಕಿನಲ್ಲಿ ಹದಿನೈದು ಮೀಟರ್ ಎತ್ತರದ ತೆಂಗಿದ್ದರೆ ಡಿಸೆಂಬರ್ ಮಧ್ಯಾಹ್ನ ಅದರ ನೆರಳು ಹನ್ನೊಂದು ಮೀಟರ್ ದೂರ ಬೀಳುತ್ತದೆ. ಮಳೆಗಾಲದಲ್ಲಿ ಉತ್ಪಾದನೆ ಅರ್ಧಕ್ಕಿಳಿಯುವ ನಮಗೆ ಡಿಸೆಂಬರಿಂದ ಏಪ್ರಿಲ್‌ವರೆಗಿನ ಬಿಸಿಲೇ ಸುಗ್ಗಿ, ಆದ್ದರಿಂದ ನೆರಳನ್ನು ಡಿಸೆಂಬರಿನಲ್ಲಿ ಅಳೆಯಬೇಕು. ಪ್ಯಾನೆಲಿನ ಇಳಿಜಾರು ಹದಿಮೂರು ಡಿಗ್ರಿ, ತೆಂಕಿಗೆ ಮುಖ. ಹತ್ತಕ್ಕಿಂತ ಕಡಿಮೆಯಾದರೆ ನೀರು ಕೆಳ ಅಂಚಿನಲ್ಲಿ ನಿಂತು ಪಾಚಿ ಕಟ್ಟುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಸ್ಟೈನ್‌ಲೆಸ್ ಬೋಲ್ಟ್. ಬೆಸುಗೆ ಹಾಕಿ ಮೇಲೆ ಬೆಳ್ಳಿ ಬಣ್ಣ ಬಳಿದ ಚೌಕಟ್ಟು ನಾಲ್ಕು ಮಳೆಗಾಲ ನಿಂತರೆ ಹೆಚ್ಚು. ಮುರಕಲ್ಲು ನೆಲದಲ್ಲಿ ಅರ್ತಿಂಗ್ ಸುಲಭಕ್ಕೆ ಸಿಗುವುದಿಲ್ಲ, ಮೇ ತಿಂಗಳ ಸಿಡಿಲು ಇನ್ವರ್ಟರನ್ನು ಸುಡುವುದು ಅದಕ್ಕೇ. ಅರ್ತಿಂಗ್ ಹೊಂಡವನ್ನು ಬೇಸಿಗೆಯಲ್ಲಿ ಅಳೆಸಿ, ಸರ್ಜ್ ರಕ್ಷಕವನ್ನು ಪ್ಯಾನೆಲಿನ ಕಡೆಯ ಡಿಸಿ, ಲೈನಿನ ಕಡೆಯ ಎಸಿ ಎರಡೂ ಬದಿಗೆ ಹಾಕಿಸಿ. ಮತ್ತೊಂದು: ಬ್ಯಾಟರಿಯಿಲ್ಲದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ಮನ್‌ನ ಜೀವ ಉಳಿಸಲು ಇರುವ ವ್ಯವಸ್ಥೆ ಅದು.

2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಇತ್ತ 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಮೀರದೆ, ತನ್ನ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಮಿತಿಯೊಳಗೆ ಉರಿಸುವ ಮನೆಗೆ ಬಿಲ್ಲೇ ಇಲ್ಲ. ಕಡಿಮೆ ಉರಿಸುವ ಮನೆಗೆ ಪ್ಯಾನೆಲಿನಿಂದ ಹಣದ ಲಾಭ ಕಾಣಿಸುವುದಿಲ್ಲ, ಮೂರು ಎಸಿ ಇರುವ ಮನೆಗೆ ಚೆನ್ನಾಗಿ ಕಾಣಿಸುತ್ತದೆ. ನೆಟ್ ಝೀರೋ ಎಂದು ಹೇಳಿಸಿಕೊಳ್ಳುವುದೂ ಹೆಚ್ಚಾಗಿ ಅಂಥ ಮನೆಯೇ. ಅದೇ ಐದು ಕಿಲೋವ್ಯಾಟ್ ಕಡಿಮೆ ಉರಿಸುವ ಮನೆಯ ಮೇಲಿದ್ದರೆ ಊರಿಗೆ ಎಷ್ಟು ಯೂನಿಟ್ ಸಿಗುತ್ತಿತ್ತು ಎಂಬುದನ್ನು ಸೊನ್ನೆಯ ಲೆಕ್ಕ ಕೇಳುವುದಿಲ್ಲ.

ಅಡುಗೆಮನೆಯಲ್ಲಿ ಒಂದು ಅನಿರೀಕ್ಷಿತ ಫಲಿತಾಂಶವಿದೆ. 14.2 ಕೆ.ಜಿ. ಸಿಲಿಂಡರ್ ಉರಿದರೆ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಷ್ಟೇ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಸುಮಾರು 135 ಯೂನಿಟ್ ಬೇಕು, ಇವತ್ತಿನ ಜಾಲದಲ್ಲಿ ಅದು 95 ಕೆ.ಜಿ. ಯೂನಿಟ್ಟಿನ ಹೊಗೆ 0.3 ಕೆ.ಜಿ.ಗೆ ಇಳಿಯುವವರೆಗೆ ಇಂಗಾಲದ ದೃಷ್ಟಿಯಿಂದ ಗ್ಯಾಸ್ ಒಲೆಯನ್ನು ಎಸೆಯುವ ಅವಸರವಿಲ್ಲ. ನಾಲ್ಕೈದು ದನವಿರುವ ಮನೆಗೆ ಗೋಬರ್ ಗ್ಯಾಸ್ ಇದೆ: ದಿನಕ್ಕೆ 50 ಕೆ.ಜಿ. ಸಗಣಿ, ಅಷ್ಟೇ ನೀರು, ಎರಡು ಘನ ಮೀಟರ್ ಗ್ಯಾಸ್, ಸ್ಲರಿ ಅಡಿಕೆ ಬುಡಕ್ಕೆ. ಸೋರಿಕೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ತೀಕ್ಷ್ಣ; ಹತ್ತನೇ ಒಂದು ಪಾಲು ಸೋರಿದರೂ ವರ್ಷಕ್ಕೆ 800 ಕೆ.ಜಿ.ಗೆ ಸಮ, ಎಂಟು ಸಿಲಿಂಡರ್ ಉಳಿಸಿದ್ದಕ್ಕಿಂತ ಹೆಚ್ಚು. ವಾಲ್ವು, ಪೈಪಿನ ಕೂಡಿಗೆ ಆಗಾಗ ಸಾಬೂನು ನೀರು ಹಚ್ಚಿ ನೋಡಿ. ಹೆಚ್ಚಾದ ಗ್ಯಾಸನ್ನು ಹಾಗೇ ಬಿಡದೆ ಉರಿಸಿ. ಬಿಸಿನೀರಿಗೆ ನಮ್ಮಲ್ಲಿ ಹೆಚ್ಚು ಬೇಡ, ಬಾವಿ ನೀರೇ ಇಪ್ಪತ್ತೇಳು ಡಿಗ್ರಿ ಇರುತ್ತದೆ. ಒಣ ಮಡಲು, ಸಿಪ್ಪೆ, ಗೆರಟೆ ಇರುವ ಮನೆಯಲ್ಲಿ ಹೊಗೆಕೊಳವೆಯಿರುವ ಹಂಡೆ ಒಲೆ ಸಾಕು.

ಮನೆ ಎಲ್ಲಿದೆ ಎಂಬುದೂ ಸೊನ್ನೆಯ ಹೊರಗೇ ಉಳಿಯುತ್ತದೆ. ಬಿ.ಸಿ. ರೋಡಿನಿಂದ ಮಂಗಳೂರಿಗೆ ದಿನಾ ಕಾರಿನಲ್ಲಿ ಹೋಗಿಬರುವವರು ವರ್ಷಕ್ಕೆ ಹದಿನಾಲ್ಕು ಸಾವಿರ ಕಿಲೋಮೀಟರ್ ಓಡಿಸುತ್ತಾರೆ. ಲೀಟರಿಗೆ ಹದಿನೈದು ಕಿಲೋಮೀಟರ್ ಹಿಡಿದರೆ ಎರಡು ಟನ್ ದಾಟಿತು, ಮನೆಯ ಇಡೀ ವಿದ್ಯುತ್ತಿಗಿಂತ ಹೆಚ್ಚು. ನಮ್ಮ ಜಿಲ್ಲೆಗಳಲ್ಲಿ ಸರ್ವಿಸ್ ಬಸ್ಸು ಓಡಾಡುವಷ್ಟು ಬೇರೆ ಎಷ್ಟೋ ಕಡೆ ಓಡಾಡುವುದಿಲ್ಲ. ಬಸ್ಸಿಗೆ ನಡೆದು ಹೋಗುವಷ್ಟು ದೂರದ ಐದು ಸೆಂಟ್ಸ್ ಜಾಗ, ಒಳಗಿನ ಹತ್ತು ಸೆಂಟ್ಸಿಗಿಂತ ಮೇಲು. ಹಾಗೆಯೇ, ಮುಂಬೈ, ಕೊಲ್ಲಿಯಲ್ಲಿ ದುಡಿದ ಹಣದಲ್ಲಿ ಎದ್ದು ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿರುವ 2500 ಚದರಡಿಯ ಮನೆಗಳಿವೆ. ಅವುಗಳ ಮೀಟರ್ ತಿರುಗುವುದೇ ಇಲ್ಲ, ಕಟ್ಟಿದ ಲೆಕ್ಕ ಮಾತ್ರ 50 ಟನ್ ದಾಟುತ್ತದೆ. ಊರಿನ ನೆಂಟು ಉಳಿಯಲೆಂದು ಕಟ್ಟಿದ ಮನೆಗಳವು, ಆ ಪ್ರೀತಿ ಅರ್ಥವಾಗುತ್ತದೆ. ಎರಡು ಕೋಣೆ ತಮಗಿಟ್ಟುಕೊಂಡು ಉಳಿದದ್ದನ್ನು ಬಾಡಿಗೆಗೆ ಕೊಟ್ಟರೆ, ಇನ್ನೊಬ್ಬರು ಹೊಸ ಮನೆ ಕಟ್ಟುವುದು ತಪ್ಪುತ್ತದೆ.

ಹಾಗಾಗಿ ಚಾವಡಿ, ಜಗಲಿಯ ಹಳೆ ಹಂಚಿನ ಮನೆ ಕೆಡವಿ ಶೂನ್ಯ ಇಂಗಾಲದ ಹೊಸ ಮನೆ ಕಟ್ಟುತ್ತೇವೆ ಎಂದವರಿಗೆ ಒಂದು ಗುಣಾಕಾರ ತೋರಿಸಬೇಕು. ಹೊಸ ಮನೆ ಹಳೆಯದಕ್ಕಿಂತ ವರ್ಷಕ್ಕೆ ಸಾವಿರ ಯೂನಿಟ್ ಉಳಿಸಿದರೂ ಅದು 0.7 ಟನ್. ಇಪ್ಪತ್ತೆರಡು ಟನ್ ತೀರಲು ಮೂವತ್ತೊಂದು ವರ್ಷ. ಹಳೆಯದರ ರಿಪೇರಿಗೆ ಬೇಕಾದ್ದು ಬೇರೆ ಬಗೆಯ ಕೆಲಸ. ಗೆದ್ದಲು ಹಿಡಿದ ಪಕ್ಕಾಸನ್ನು (ಮಾಡು ಹೊರುವ ಇಳಿಜಾರಿನ ಮರ) ಉಳಿಯಿಂದ ಚುಚ್ಚಿ ನೋಡಿ, ತುದಿ ಮಾತ್ರ ಕೊಳೆತಿದ್ದರೆ ಅಷ್ಟನ್ನೇ ಕತ್ತರಿಸಿ ಜೋಡಿಸಬಹುದು. ಹಂಚು ಕೂರುವ ರೀಪು ಪೂರ್ತಿ ಬದಲಿಸುವುದು ಒಳ್ಳೆಯದು, ಹಳೆ ರೀಪಿನ ಮೇಲೆ ಹಂಚು ಸಾಲು ತಪ್ಪುತ್ತದೆ. ಪಾಚಿಯನ್ನು ಪ್ರೆಶರ್ ಪಂಪಿನಲ್ಲಿ ತೊಳೆಯಬೇಡಿ, ಹಂಚಿನ ಮೇಲ್ಮೈ ಸುಲಿದು ನೀರು ಕುಡಿಯಲು ಶುರುಮಾಡುತ್ತದೆ. ತೆಂಗಿನ ನಾರಿನ ಬ್ರಷ್ ಸಾಕು. ನಾಲ್ಕು ಕಡೆ ಗಾಜಿನ ಹಂಚು ಇಟ್ಟರೆ ಹಗಲು ದೀಪ ಬೇಡ. ಪ್ಯಾನೆಲಿನ ಭಾರವನ್ನು ಹಂಚಿನ ಮೇಲೆ ಕೂರಿಸದೆ, ಕೊಕ್ಕೆಯನ್ನು ಹಂಚಿನಡಿಯಿಂದ ತಂದು ಪಕ್ಕಾಸಿಗೇ ಬಿಗಿಯಬೇಕು, ಕೊಕ್ಕೆ ಹೊರಬರುವಲ್ಲಿ ಸೀಸದ ತಗಡಿನ ಮುಚ್ಚಳ ಬೇಕು. ಹಂಚು ಇಳಿಸಿ ಹೊದಿಸಲು ಗೊತ್ತಿರುವವರು ಈಗ ಬೆರಳೆಣಿಕೆಯಷ್ಟು, ಏಪ್ರಿಲ್ ಮೇಯಲ್ಲಿ ಅವರಿಗೆ ಬಿಡುವಿರುವುದಿಲ್ಲ. ಜನವರಿಯಲ್ಲೇ ಹೇಳಿಟ್ಟು, ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆಗೆ ಹದಿನೈದು ದಿನ ಮೊದಲು ಮಾಡು ಮುಚ್ಚಿ ಮುಗಿಯುವಂತೆ ನೋಡಿಕೊಳ್ಳಿ. ಮೇ ಕೊನೆಯ ಗಾಳಿಮಳೆಗೆ ತೆರೆದ ಮಾಡು ಸಿಕ್ಕಿಬಿದ್ದರೆ ಮುಚ್ಚಿಗೆಯ ಹಲಗೆ ನೆನೆದು ಬಾಗುತ್ತದೆ, ಅದನ್ನು ಮತ್ತೆ ಸರಿಮಾಡಲಾಗುವುದಿಲ್ಲ.